ಸಿಯೋಲಿನಲ್ಲಿ ಒಂದು ದಿನದ ಅಕ್ಷರಾಭ್ಯಾಸ



ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಅಕ್ಷರದಿಂದ ಅನ್ನ ಉಂಡವನು. ಅಂಥವನು ಒಂದು ದಿನ ಬೆಳಗ್ಗೆ ಮನೆಯಿಂದ ಹೊರಟು, ಬೀದಿಯ ತುಂಬ ಅಕ್ಷರಗಳಿದ್ದರೂ ಒಂದನ್ನೂ ಓದಲಾರದೆ, ಬೇರೆಯವರು ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಎದುರಿಗೆ ಬಂದವರ ಮುಖ ನೋಡುತ್ತ ನಿಲ್ಲಬೇಕಾಯಿತು. ಆ ಒಂದು ದಿನದ ಅನುಭವವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಇದನ್ನು ಪ್ರವಾಸ ಕಥನವೆನ್ನುವುದಕ್ಕಿಂತ, ಇಳಿವಯಸ್ಸಿನಲ್ಲಿ ನಡೆದ ಒಂದು ಅಕ್ಷರಾಭ್ಯಾಸದ ವೃತ್ತಾಂತವೆಂದರೆ ಸರಿಯಾದೀತು.

ಊರು ಸಿಯೋಲ್, ದಕ್ಷಿಣ ಕೊರಿಯಾದ ರಾಜಧಾನಿ. ತೊಂಬತ್ತು ಲಕ್ಷಕ್ಕೂ ಮೀರಿದ ಜನ ವಾಸಿಸುವ ಮಹಾನಗರ. ಅಳಿಯನ ಉದ್ಯೋಗದ ನಿಮಿತ್ತ ಮಗಳ ಸಂಸಾರ ಅಲ್ಲಿತ್ತು. 2024ರ ನವೆಂಬರಿನಲ್ಲಿ ನಾನು ಒಂದು ತಿಂಗಳ ಮಟ್ಟಿಗೆ ಅವರಲ್ಲಿಗೆ ಹೋಗಿದ್ದೆ. ಬೆಳಗಾದರೆ ಅವರಿಬ್ಬರೂ ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಊರು ನೋಡಲು ಭಾನುವಾರದವರೆಗೆ ಕಾಯುವುದು ಬೇಸರವೆನಿಸಿ, ಒಂದು ಬುಧವಾರ ಒಬ್ಬನೇ ಹೋಗಿಬರುತ್ತೇನೆಂದೆ. ಮಗಳು ಸುಲಭವಾಗಿ ಒಪ್ಪಲಿಲ್ಲ. "ಅಪ್ಪಾ, ಬೋರ್ಡಿನ ಮುಂದೆ ಫೋನು ಹಿಡಿದರೆ ಅದೇ ಓದಿ ಅರ್ಥ ಹೇಳುತ್ತೆ, ನೋಡಿ" ಎಂದು ತೋರಿಸಿದಳು. ಓದುವ ಕೆಲಸವನ್ನು ಫೋನಿಗೆ ವಹಿಸಿಕೊಡಲು ನನ್ನ ಮನಸ್ಸು ಬಾರಲಿಲ್ಲ. ಹಾಗಾದರೆ ಇದಾದರೂ ಇರಲಿ ಎಂದು ಆಕೆ ಒಂದು ಚೀಟಿಯಲ್ಲಿ ಅಲ್ಲಿಯ ಲಿಪಿಯಲ್ಲಿ ಎರಡು ಸಂಗತಿಗಳನ್ನು ಬರೆದುಕೊಟ್ಟಳು. ಮೇಲಿನದು ಮನೆಯ ವಿಳಾಸ. ಕೆಳಗಿನದು, ಈ ಮನುಷ್ಯ ಮಾಂಸ, ಮೀನು, ಮೊಟ್ಟೆ ತಿನ್ನುವವನಲ್ಲ ಎಂಬ ವಿಜ್ಞಾಪನೆ.

ಚೀಟಿಯನ್ನು ಜೇಬಿಗಿಡುವಾಗ ನನ್ನ ತಾಯಿಯ ನೆನಪಾಯಿತು. ಆಕೆ ಓದುಬರಹ ಬಲ್ಲವಳಲ್ಲ. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಒಮ್ಮೆ ನನ್ನನ್ನು ನೋಡಲು ಊರಿನಿಂದ ಒಬ್ಬಳೇ ಬಂದಿದ್ದಳು. ಊರಿನ ಮೇಷ್ಟರು ಬರೆದುಕೊಟ್ಟಿದ್ದ ವಿಳಾಸದ ಚೀಟಿ ಸೆರಗಿನ ತುದಿಯಲ್ಲಿ ಗಂಟಾಗಿತ್ತು. ಸಿಟಿ ಬಸ್ಸು ತಪ್ಪಿ ಹತ್ತಿ, ಎಲ್ಲೆಲ್ಲೋ ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಹಾಸ್ಟೆಲಿನ ಬಾಗಿಲಿಗೆ ಬಂದಳು. ಕಾದು ಕಾದು ಕಂಗೆಟ್ಟಿದ್ದ ನಾನು, "ಬೋರ್ಡು ನೋಡಿ ಹತ್ತಬಾರದೇನಮ್ಮ?" ಎಂದು ಗೆಳೆಯರ ಎದುರಿಗೇ ರೇಗಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ನೋಡಿದೆನಪ್ಪ. ನೋಡಿದರೆ ನನಗೇನು ಬಂತು?" ಎಂದಳು. ಆ ಮಾತು ಅಂದು ನನ್ನ ಕಿವಿಗೆ ಬಿದ್ದಿತೇ ಹೊರತು ಮನಸ್ಸಿಗೆ ಇಳಿಯಲಿಲ್ಲ.

ಮಗಳ ಮನೆಯಿದ್ದ ಬಡಾವಣೆಯ ಹೆಸರು ಇಚೋನ್. ಹಾನ್ ನದಿಯ ದಡದಲ್ಲಿದೆ. ಅಲ್ಲಿನ ನೆಲದಡಿಯ ರೈಲುನಿಲ್ದಾಣದಿಂದ ನನ್ನ ಯಾತ್ರೆ ಆರಂಭವಾಯಿತು. ಸಿಯೋಲಿನಲ್ಲಿ ನೆಲದಡಿಯ ರೈಲು 1974ರಲ್ಲಿ ಮೊದಲು ಓಡಿತು. ಈಗ ಅದರ ಮಾರ್ಗಗಳು ಜೇಡರ ಬಲೆಯಂತೆ ಹಬ್ಬಿವೆ. ಪ್ರತಿ ಮಾರ್ಗಕ್ಕೂ ಒಂದು ಬಣ್ಣ, ಒಂದು ಸಂಖ್ಯೆ. ಪ್ರತಿ ನಿಲ್ದಾಣಕ್ಕೂ ಒಂದು ಸಂಖ್ಯೆ. ಓದು ಬಾರದವನೂ ಬಣ್ಣ ನೋಡಿ, ಅಂಕಿ ಎಣಿಸಿ ಊರು ಸೇರಬಹುದು. ನಿಲ್ದಾಣದ ಫಲಕಗಳಲ್ಲಿ ಕೊರಿಯನ್ ಅಕ್ಷರಗಳ ಜೊತೆಗೆ ರೋಮನ್ ಅಕ್ಷರಗಳೂ ಇವೆ. ಅಷ್ಟರಮಟ್ಟಿಗೆ ನಾನು ಪೂರ್ತಿ ಅನಾಥನಾಗಿರಲಿಲ್ಲ.

ಶಾಸನ ಓದುವವರಿಗೆ ದ್ವಿಭಾಷಾ ಶಾಸನವೊಂದು ಸಿಕ್ಕಿದರೆ ಹಬ್ಬವಲ್ಲವೆ? ಗೊತ್ತಿರುವ ಲಿಪಿಯ ಕೈ ಹಿಡಿದು ಗೊತ್ತಿಲ್ಲದ ಲಿಪಿಯ ಮನೆಗೆ ಹೊಗಬಹುದು. ರೈಲು ನಿಂತ ಕಡೆಯಲ್ಲೆಲ್ಲ ನನಗೆ ಅಂಥದೊಂದು ಶಾಸನ ದೊರೆಯಿತು. ಇಚೋನ್ ಎಂಬ ಹೆಸರು ಎರಡು ಚೌಕಗಳಲ್ಲಿ ಕುಳಿತಿತ್ತು. ಒಂದೊಂದು ಚೌಕ ಒಂದೊಂದು ಉಚ್ಚಾರಾಂಶ. ನಾವು ಕಾಗುಣಿತ ಸೇರಿಸಿ, ಕೆಳಗೆ ಒತ್ತು ಕೊಟ್ಟು ಬರೆಯುವ ಹಾಗೆಯೇ ಅವರೂ ವ್ಯಂಜನ, ಸ್ವರ, ಕೊನೆಯ ವ್ಯಂಜನಗಳನ್ನು ಒಂದೇ ಗೂಡಿನಲ್ಲಿ ಅಡಕವಾಗಿ ಜೋಡಿಸುತ್ತಾರೆ. ಕನ್ನಡಿಗನಿಗೆ ಇದು ಅಪರಿಚಿತ ವ್ಯವಸ್ಥೆಯಲ್ಲ.

ಚುಂಗ್‌ಮುರೊ ಎಂಬಲ್ಲಿ ರೈಲು ಬದಲಿಸಿ, ಆನ್‌ಗುಕ್ ದಾಟಿ, ಗ್ಯೊಂಗ್‌ಬೊಕ್‌ಗುಂಗ್ ಎಂಬ ನಿಲ್ದಾಣದಲ್ಲಿ ಇಳಿದೆ. ಈ ಕೊನೆಯ ಹೆಸರಿನಲ್ಲಿ ಒಂದು ಆಕೃತಿ ಮೂರು ಸಲ ಬಂದಿತ್ತು: ಮೇಲೆ ಅಡ್ಡಗೆರೆ, ಅದರ ಬಲತುದಿಯಿಂದ ಕೆಳಕ್ಕಿಳಿದ ಇನ್ನೊಂದು ಗೆರೆ; ಥೇಟು ಹಿಡಿ ಕೆಳಗಾಗಿ ಹಿಡಿದ ಕುಡುಗೋಲು. ರೋಮನ್ ಹೆಸರಿನೊಡನೆ ಹೋಲಿಸಿದಾಗ ಅದು ನಮ್ಮ ಗಕಾರ, ಪದದ ನಡುವೆ ಮುಚ್ಚಿ ನುಡಿದರೆ ಕಕಾರ ಎಂದು ತಿಳಿಯಿತು. ಅದರ ಹೆಸರು ಗಿಯೊಕ್. ಅಲ್ಲಿಯವರಲ್ಲಿ ಒಂದು ಗಾದೆಯಿದೆಯೆಂದು ಮಗಳು ಹೇಳಿದ್ದಳು. ಏನೂ ಓದು ಬಾರದವನನ್ನು, ಕುಡುಗೋಲನ್ನೇ ಮುಂದಿಟ್ಟರೂ ಗಿಯೊಕ್ ಅಕ್ಷರ ಅರಿಯದವನು ಎನ್ನುತ್ತಾರಂತೆ. ಬೆಳಗಿನ ಹತ್ತು ಗಂಟೆಗೆ ನಾನು ಆ ಗಾದೆಯಿಂದ ಪಾರಾದೆ!

ಇನ್ನೊಂದು ಆಕೃತಿ ವೃತ್ತ, ನಮ್ಮ ಸೊನ್ನೆ. ಇಚೋನ್ ಎನ್ನುವಲ್ಲಿ 'ಇ' ಸ್ವರಕ್ಕೆ ಮೊದಲು ಈ ಸೊನ್ನೆ ಇತ್ತು, ಆದರೆ ಅದಕ್ಕೆ ಉಚ್ಚಾರವಿಲ್ಲ. ಗ್ಯೊಂಗ್, ಗುಂಗ್ ಎಂಬಲ್ಲಿ ಅದೇ ಸೊನ್ನೆ ಚೌಕದ ತಳಕ್ಕೆ ಇಳಿದು ಅನುನಾಸಿಕವಾಗಿತ್ತು. ನಾನು ಮೆಟ್ಟಿಲ ಬಳಿ ನಿಂತು ನಕ್ಕುಬಿಟ್ಟೆ. 'ಗಂಗೆ' ಎಂದು ಬರೆಯುವಾಗ ನಾವು ಹಾಕುವುದೂ ಸೊನ್ನೆಯನ್ನೇ, ನುಡಿಯುವುದೂ ಅದೇ ಅನುನಾಸಿಕವನ್ನೇ. ಇವೆರಡಕ್ಕೂ ಚರಿತ್ರೆಯಲ್ಲಿ ನಂಟಿಲ್ಲ, ಆಕಸ್ಮಿಕ. ಆದರೂ ಪರದೇಶದ ಸಂತೆಯಲ್ಲಿ ನಮ್ಮೂರಿನ ಮುಖವೊಂದನ್ನು ಕಂಡಷ್ಟು ಹಿತವಾಯಿತು.

ನಿಲ್ದಾಣದ ಹೆಸರೇ ಅರಮನೆಯ ಹೆಸರು. ಗ್ಯೊಂಗ್‌ಬೊಕ್ ಅರಮನೆಯನ್ನು 1395ರಲ್ಲಿ ಚೊಸೊನ್ ರಾಜವಂಶದವರು ಕಟ್ಟಿಸಿದರು. 1592ರಲ್ಲಿ ಜಪಾನೀಯರು ದಂಡೆತ್ತಿ ಬಂದಾಗ ಅದು ಸುಟ್ಟು ಬೂದಿಯಾಯಿತು. ಇನ್ನೂರ ಎಪ್ಪತ್ತು ವರ್ಷಗಳಷ್ಟು ಕಾಲ ಹಾಳುಬಿದ್ದಿದ್ದು, 1860ರ ದಶಕದಲ್ಲಿ ಮತ್ತೆ ಎದ್ದಿತು. ಕಲ್ಲುಹಾಸಿನ ವಿಶಾಲ ಅಂಗಳ, ಎರಡಂತಸ್ತಿನ ಜಗಲಿಯ ಮೇಲೆ ಸಿಂಹಾಸನದ ಭವನ, ಹಿಂದೆ ಬೆಟ್ಟ. ನವೆಂಬರಿನ ಬಿಸಿಲಿನಲ್ಲಿ ಗಿಂಕೊ ಮರಗಳ ಎಲೆಗಳು ಅರಿಸಿನದ ಬಣ್ಣಕ್ಕೆ ತಿರುಗಿ ನೆಲದ ತುಂಬ ಉದುರಿದ್ದವು. ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ತೊಟ್ಟು ಬಂದವರಿಗೆ ಅಲ್ಲಿ ಪ್ರವೇಶಧನವಿಲ್ಲ. ಆದ್ದರಿಂದ ಎಲ್ಲಿ ನೋಡಿದರೂ ಅಗಲವಾದ ಲಂಗಗಳ ಹುಡುಗಿಯರು, ಗಾಜಿನಂತೆ ತೆಳುವಾದ ಕರಿಯ ಟೋಪಿಯ ಹುಡುಗರು.

ನಾನು ಹುಡುಕಿಕೊಂಡು ಹೋದದ್ದು ಮಾತ್ರ ಸಿಂಹಾಸನವನ್ನಲ್ಲ. ಪಡುವಣ ದಿಕ್ಕಿನಲ್ಲಿ, ಕೊಳದ ನಡುವಿನ ಮಂಟಪಕ್ಕೆ ಸಮೀಪವಾಗಿ, ಸುಜೊಂಗ್‌ಜೊನ್ ಎಂಬ ಉದ್ದನೆಯ ಕಟ್ಟಡವಿದೆ. ಹದಿನೈದನೆಯ ಶತಮಾನದಲ್ಲಿ ಆ ಜಾಗದಲ್ಲಿ ಒಂದು ವಿದ್ವತ್ಸಭೆಯಿತ್ತು. 1418ರಿಂದ 1450ರವರೆಗೆ ಆಳಿದ ಸೆಜೊಂಗ್ ಎಂಬ ಅರಸನ ಆಶ್ರಯದಲ್ಲಿ ಅಲ್ಲಿ ಪಂಡಿತರು ಗ್ರಂಥರಚನೆ ಮಾಡುತ್ತಿದ್ದರು. ಆಗ ಕೊರಿಯನರು ಆಡುತ್ತಿದ್ದುದು ಒಂದು ಭಾಷೆ, ಬರೆಯುತ್ತಿದ್ದುದು ಇನ್ನೊಂದು. ಬರಹವೆಂದರೆ ಚೀನೀ ಬರಹ. ಸಾವಿರಾರು ಚಿತ್ರಾಕೃತಿಗಳನ್ನು ವರ್ಷಾನುಗಟ್ಟಲೆ ಕುಳಿತು ಕಲಿಯಲು ಬಿಡುವಿದ್ದವರಿಗೆ ಮಾತ್ರ ಅದು ದಕ್ಕುತ್ತಿತ್ತು. ಉಳುವವನಿಗೂ ನೇಯುವವನಿಗೂ ಹೆಂಗಸರಿಗೂ ಅದರ ಬಾಗಿಲು ಮುಚ್ಚಿತ್ತು.

ಸೆಜೊಂಗ್ ಕಣ್ಣಿನ ಬೇನೆಯಿಂದ ನರಳುತ್ತಿದ್ದ ದಿನಗಳಲ್ಲಿ, 1443ರಲ್ಲಿ, ತನ್ನ ಜನರ ಮಾತಿಗೆ ಹೊಂದುವ ಇಪ್ಪತ್ತೆಂಟು ಅಕ್ಷರಗಳನ್ನು ರೂಪಿಸಿದ. 1446ರಲ್ಲಿ ಅವುಗಳನ್ನು ಪ್ರಕಟಪಡಿಸಿದ. ಜನರಿಗೆ ಕಲಿಸತಕ್ಕ ಸರಿಯಾದ ಧ್ವನಿಗಳು ಎಂಬುದು ಅವನು ಆ ಲಿಪಿಗೆ ಕೊಟ್ಟ ಹೆಸರಿನ ಅರ್ಥ. ಸಾಮಾನ್ಯ ಜನರ ಎದೆಯಲ್ಲಿ ಹೇಳಬೇಕಾದದ್ದು ಇರುತ್ತದೆ, ಆದರೆ ಅದನ್ನು ಬರೆದು ತಿಳಿಸುವ ದಾರಿ ಅವರಿಗಿಲ್ಲ ಎಂಬ ಮರುಕವೇ ಈ ಕೆಲಸಕ್ಕೆ ಕಾರಣವೆಂದು ಅವನ ಮುನ್ನುಡಿಯಿಂದ ತಿಳಿಯುತ್ತದೆ. ಲಿಪಿಯನ್ನು ವಿವರಿಸುವ ಗ್ರಂಥವನ್ನು ಸಿದ್ಧಪಡಿಸಿದವರು ಇದೇ ವಿದ್ವತ್ಸಭೆಯ ಪಂಡಿತರು. ಜಾಣನಾದವನು ಒಂದು ಬೆಳಗು ಕಳೆಯುವುದರೊಳಗೆ ಇದನ್ನು ಕಲಿಯಬಲ್ಲ, ಮಂದನಿಗೂ ಹತ್ತು ದಿನ ಸಾಕು ಎಂಬ ಭರವಸೆಯನ್ನು ಅವರಲ್ಲೊಬ್ಬನು ಗ್ರಂಥದ ಕೊನೆಯಲ್ಲಿ ಕೊಟ್ಟಿದ್ದಾನೆ.

ಅದೇ ಸಭೆಯ ಹಿರಿಯ ಪಂಡಿತ ಚೊ ಮಲ್ಲಿ ಎಂಬಾತ 1444ರಲ್ಲಿ ಅರಸನಿಗೆ ಒಂದು ಪ್ರತಿಭಟನೆಯ ಬಿನ್ನವತ್ತಳೆ ಸಲ್ಲಿಸಿದ. ಚೀನೀ ಅಕ್ಷರವನ್ನು ಬಿಟ್ಟು ತಮ್ಮದೇ ಅಕ್ಷರ ಮಾಡಿಕೊಂಡವರು ಅನಾಗರಿಕರು. ನಾವೂ ಅವರ ಸಾಲಿಗೆ ಸೇರಬೇಕೆ ಎಂಬುದು ಅವನ ವಾದದ ಸಾರ. ಆ ಕಟ್ಟಡದ ಜಗಲಿಯ ಕಲ್ಲಿನ ಮೇಲೆ ಕುಳಿತು ನಾನು ಚೊ ಮಲ್ಲಿಯನ್ನು ಕುರಿತು ಬಹಳ ಹೊತ್ತು ಯೋಚಿಸಿದೆ. ಅವನು ದುಷ್ಟನಾಗಿರಲಿಲ್ಲ. ತಾನು ಕಷ್ಟಪಟ್ಟು ಗಳಿಸಿದ ವಿದ್ಯೆ ಎಲ್ಲರಿಗೂ ಒಂದೇ ಬೆಳಗಿನಲ್ಲಿ ದಕ್ಕಿಬಿಟ್ಟರೆ ತನ್ನ ಗತಿಯೇನೆಂದು ಅಂಜಿದ ಒಬ್ಬ ಪ್ರಾಧ್ಯಾಪಕ, ಅಷ್ಟೆ. ಅವನ ಮುಖ ನನಗೆ ಅಪರಿಚಿತವೆನಿಸಲಿಲ್ಲ.

ಅರಮನೆಯ ಹೆಬ್ಬಾಗಿಲಾದ ಗ್ವಾಂಗ್‌ಹ್ವಾಮುನ್ ಮೂಲಕ ಹೊರಗೆ ಬಂದೆ. ತಿರುಗಿ ನೋಡಿದರೆ ಬಾಗಿಲಿನ ನೆತ್ತಿಯ ಮೇಲೆ ಕರಿಯ ಹಲಗೆಯಲ್ಲಿ ಹೊನ್ನಿನ ಬಣ್ಣದ ಬರಹ. ಅದು ಚೀನೀ ಬರಹ. 1968ರಿಂದ ಅಲ್ಲಿ ಕೊರಿಯನ್ ಲಿಪಿಯ ಫಲಕವಿತ್ತು. 2010ರಲ್ಲಿ ಬಾಗಿಲನ್ನು ಮೂಲ ರೂಪಕ್ಕೆ ತರುವಾಗ ಚೀನೀ ಬರಹದ ಫಲಕ ಬಂದಿತು. ಈಗಿರುವುದನ್ನು 2023ರಲ್ಲಿ ತೂಗುಹಾಕಿದರು. ಹಾನ್‌ಬೊಕ್ ತೊಟ್ಟ ಒಬ್ಬ ವಿದ್ಯಾರ್ಥಿನಿಯನ್ನು, ಅದೇನು ಬರೆದಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಗ್ವಾಂಗ್‌ಹ್ವಾಮುನ್" ಎಂದಳು. ಬಳಿಕ ನಾಚಿ ನಗುತ್ತ, "ಎಲ್ಲರಿಗೂ ಗೊತ್ತಿರುವ ಹೆಸರು, ಅದಕ್ಕೇ ಹೇಳಿದೆ. ಆ ಅಕ್ಷರಗಳನ್ನು ನಾನು ಓದಲಾರೆ" ಎಂದು ಸೇರಿಸಿದಳು. ತನ್ನ ಪೂರ್ವಜರ ಅರಮನೆಯ ಮುಂದೆ ಆಕೆಯೂ ನನ್ನಂತೆಯೇ ನಿಂತಿದ್ದಳು. ಹಳಗನ್ನಡ ಶಾಸನದ ಮುಂದೆ ನಮ್ಮ ವಿದ್ಯಾರ್ಥಿಗಳು ನಿಲ್ಲುವುದನ್ನು ಕಂಡಿದ್ದ ನನಗೆ ಅವಳ ನಗೆಯ ಹಿಂದಿನ ಸಂಕೋಚ ಅರ್ಥವಾಯಿತು. ಪಕ್ಕದಲ್ಲಿದ್ದ ದಾರಿಸೂಚಕ ಫಲಕದಲ್ಲಿ ಅದೇ ಹೆಸರು ಕೊರಿಯನ್ ಲಿಪಿಯಲ್ಲೂ ಇತ್ತು. ಅದರಿಂದ ನಾನು ಹಕಾರವನ್ನು ಕಲಿತೆ: ಸೊನ್ನೆಯ ತಲೆಯ ಮೇಲೊಂದು ಟೋಪಿ.

ಹೆಬ್ಬಾಗಿಲಿನ ಎದುರಿಗೆ ಒಂದು ದೊಡ್ಡ ಚೌಕವಿದೆ. ಅದರ ನಡುವೆ ಹೊನ್ನಿನ ಬಣ್ಣದ ಸೆಜೊಂಗ್, ಆರು ಮೀಟರಿಗೂ ಮಿಕ್ಕ ಎತ್ತರದ ವಿಗ್ರಹವಾಗಿ, ಅರಮನೆಗೆ ಬೆನ್ನು ಮಾಡಿ, ಪುಸ್ತಕ ಹಿಡಿದು ಕುಳಿತಿದ್ದಾನೆ. 2009ರ ಅಕ್ಟೋಬರ್ 9ರಂದು, ಲಿಪಿಯ ಹಬ್ಬದ ದಿನ, ಅದನ್ನು ಅನಾವರಣ ಮಾಡಿದರು. ಹೌದು, ಆ ದೇಶದಲ್ಲಿ ಲಿಪಿಗೂ ಒಂದು ಹಬ್ಬವಿದೆ, ಸರ್ಕಾರಿ ರಜೆಯಿದೆ. ವಿಗ್ರಹದ ಮುಂದೆ ಅವನ ಕಾಲದ ಮಳೆಮಾಪಕ, ಖಗೋಳಯಂತ್ರ, ನೆರಳುಗಡಿಯಾರಗಳ ಪ್ರತಿಕೃತಿಗಳಿವೆ. ನೆರಳುಗಡಿಯಾರ ಬಾಣಲೆಯ ಆಕಾರದ ಒಂದು ಬಟ್ಟಲು. 1434ರಲ್ಲಿ ಅದನ್ನು ಸೇತುವೆಯ ಬಳಿ, ಜನ ಓಡಾಡುವ ಬೀದಿಯಲ್ಲಿ ಇರಿಸಿದರು. ಓದು ಬಾರದವರೂ ಹೊತ್ತು ತಿಳಿಯಲೆಂದು ಗಳಿಗೆಗಳನ್ನು ಅಕ್ಷರದಲ್ಲಿ ಬರೆಯದೆ ಪ್ರಾಣಿಗಳ ಚಿತ್ರಗಳಿಂದ ಗುರುತಿಸಿದರು. ಲಿಪಿ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲಿನ ಮಾತು ಇದು. ಓದಲಾರದವನ ಮುಖ ಆ ಅರಸನ ಕಣ್ಣಿಗೆ ಮೊದಲೇ ಬಿದ್ದಿತ್ತು. ಚಿತ್ರ ಬರೆಸಿಕೊಟ್ಟು ಸುಮ್ಮನಾಗಬಹುದಿತ್ತು. ಅವನು ಸುಮ್ಮನಾಗಲಿಲ್ಲ.

ವಿಗ್ರಹದ ಕೆಳಗೆ, ನೆಲಮಾಳಿಗೆಯಲ್ಲಿ, ಲಿಪಿಯ ಕಥೆ ಹೇಳುವ ಪ್ರದರ್ಶನ ಮಂದಿರವಿದೆ. ಅಕ್ಷರಗಳ ಆಕಾರದ ಗುಟ್ಟು ನನಗೆ ಅಲ್ಲಿ ಮನದಟ್ಟಾಯಿತು. ಗಕಾರವನ್ನು ನುಡಿಯುವಾಗ ನಾಲಗೆಯ ಬುಡ ಮೇಲೆದ್ದು ಗಂಟಲನ್ನು ಮುಚ್ಚುತ್ತದೆ. ಕುಡುಗೋಲಿನ ಆಕಾರ ಅದರದೇ ಚಿತ್ರ. ನಕಾರದ ಅಕ್ಷರ ಮೇಲಿನ ವಸಡಿಗೆ ತಾಗಿದ ನಾಲಗೆ. ಮಕಾರ ಬಾಯಿಯ ಚೌಕ. ಸಕಾರ ಹಲ್ಲು. ಸೊನ್ನೆ ಗಂಟಲು. ಇಷ್ಟನ್ನು ಆಧಾರವಾಗಿಟ್ಟುಕೊಂಡು ಗೆರೆ ಸೇರಿಸುತ್ತ ಹೋದರೆ ಉಳಿದ ವ್ಯಂಜನಗಳಾಗುತ್ತವೆ. ಗಕಾರಕ್ಕೆ ಒಂದು ಗೆರೆ ಹೆಚ್ಚಿಸಿದರೆ ಉಸಿರು ಹೆಚ್ಚಿದ ಖಕಾರ. ನಾವು ಬಾಲ್ಯದಲ್ಲಿ ಸ್ಲೇಟಿನ ಮೇಲೆ ದಕಾರದ ಹೊಟ್ಟೆ ಸೀಳಿ ಧಕಾರ ಮಾಡಲಿಲ್ಲವೆ? ಅದೇ ಯುಕ್ತಿ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯವೆಂದು ನಮ್ಮ ವೈಯಾಕರಣರು ಅಕ್ಷರಗಳನ್ನು ಹುಟ್ಟುವ ಸ್ಥಾನದ ಮೇಲೆ ವರ್ಗ ಮಾಡಿದಂತೆ ಸೆಜೊಂಗನೂ ಮಾಡಿದ. ಅವನು ಆಧಾರವಾಗಿ ಹಿಡಿದದ್ದು ಚೀನೀ ಧ್ವನಿಶಾಸ್ತ್ರವನ್ನು. ಆ ಶಾಸ್ತ್ರಕ್ಕೆ ಬೌದ್ಧರ ಮೂಲಕ ಚೀನಾಕ್ಕೆ ಹೋದ ಸಂಸ್ಕೃತ ವರ್ಣವಿಚಾರದ ಪ್ರಭಾವವಿತ್ತು. ಆದರೆ ಸ್ಥಾನವನ್ನು ಹೆಸರಿಸಿ ನಾವು ನಿಂತೆವು. ಸ್ಥಾನವನ್ನೇ ಅಕ್ಷರದಲ್ಲಿ ಚಿತ್ರಿಸಿ ತೋರಿಸಿದ್ದು ಅವನ ಪ್ರತಿಭೆ.

ಈ ಗುಟ್ಟು ಶತಮಾನಗಳ ಕಾಲ ಮರೆತುಹೋಗಿತ್ತು. ಅಕ್ಷರಗಳು ಕಿಟಕಿಯ ಜಾಲರಿಯನ್ನು ನೋಡಿ ಹುಟ್ಟಿದವು ಎಂದೂ ಜನ ಊಹಿಸಿದ್ದರು. 1940ರಲ್ಲಿ ಮೂಲಗ್ರಂಥದ ಒಂದು ಪ್ರತಿ ಬೆಳಕಿಗೆ ಬಂದಿತು. ಚೊನ್ ಹ್ಯೊಂಗ್‌ಪಿಲ್ ಎಂಬ ಸಿರಿವಂತ ಸಂಗ್ರಾಹಕರು ಅದನ್ನು ಕೊಂಡು, ಜಪಾನೀ ಆಡಳಿತ ಮುಗಿಯುವವರೆಗೂ ಗುಟ್ಟಾಗಿ ಕಾಪಾಡಿದರು. ಸೆಜೊಂಗನ ಉದ್ದೇಶವೂ ಅಕ್ಷರಗಳ ತರ್ಕವೂ ಜಗತ್ತಿಗೆ ಸ್ಪಷ್ಟವಾಗಿ ತಿಳಿದದ್ದು ಆ ಪ್ರತಿಯಿಂದ. 1997ರಲ್ಲಿ ಯುನೆಸ್ಕೊ ಅದನ್ನು ಜಗತ್ತಿನ ಸ್ಮೃತಿಗಳ ಪಟ್ಟಿಗೆ ಸೇರಿಸಿತು.

ಮಧ್ಯಾಹ್ನವಾಗಿತ್ತು, ಹಸಿವಾಯಿತು. ಹಿಂದಿನ ಗಲ್ಲಿಯೊಂದರಲ್ಲಿ ಒಂದು ಸಣ್ಣ ಊಟದ ಮನೆ ಹೊಕ್ಕೆ. ಗೋಡೆಯ ಮೇಲೆ ತಿನಿಸುಗಳ ಪಟ್ಟಿ. ಇಲ್ಲಿ ರೋಮನ್ ಅಕ್ಷರದ ಆಸರೆಯಿಲ್ಲ. ಎರಡು ಕಿವಿ ಮೇಲೆದ್ದ ಪೆಟ್ಟಿಗೆಯಂಥ ಒಂದು ಅಕ್ಷರ ಒಂದೇ ಪದದಲ್ಲಿ ನಾಲ್ಕು ಸಲ ಕಂಡಿತು. 'ಬೊಕ್' ಎಂಬಲ್ಲಿ ನೋಡಿದ್ದ ಬಕಾರ ಅದು. ನಡುವೆ ಮಕಾರದ ಚೌಕ. ಬಿ, ಬಿಮ್, ಬಪ್. ಒಂದೊಂದೇ ಚೌಕದ ಮೇಲೆ ಬೆರಳಿಟ್ಟಂತೆ ಮನಸ್ಸಿನಲ್ಲಿ ಕೂಡಿಸಿ, "ಬಿಬಿಂಬಪ್" ಎಂದೆ. ಬೇಯಿಸಿದ ಸೊಪ್ಪು ತರಕಾರಿ, ಮೊಳಕೆ ಕಾಳುಗಳನ್ನು ಅನ್ನದ ಮೇಲಿಟ್ಟು, ಕೆಂಪು ಮೆಣಸಿನ ಗೊಜ್ಜಿನೊಡನೆ ಕಲಸಿ ಉಣ್ಣುವ ಊಟ. ಒಡತಿ ತಲೆದೂಗಿದಳು. ಅಲ್ಲಿ ಇಂಥ ಹೆಂಗಸರನ್ನು ಜನ 'ಇಮೊ' ಎಂದು ಕರೆಯುತ್ತಾರೆ; ಚಿಕ್ಕಮ್ಮ, ದೊಡ್ಡಮ್ಮ ಎಂದ ಹಾಗೆ.

ಆದರೆ ಅದರಲ್ಲಿ ಮಾಂಸವನ್ನೂ ಮೊಟ್ಟೆಯನ್ನೂ ಹಾಕುವ ವಾಡಿಕೆಯಿದೆ. ಅದನ್ನು ಬೇಡವೆನ್ನಲು ನನ್ನಲ್ಲಿ ಮಾತಿರಲಿಲ್ಲ. ಚೀಟಿಯನ್ನು ತೆಗೆದು ಆಕೆಯ ಕೈಗೆ ಕೊಟ್ಟೆ. ಆಕೆ ಕನ್ನಡಕ ಹಾಕಿಕೊಂಡು, ಒಳಗಿದ್ದ ಅಡುಗೆಯವನಿಗೆ ಕೇಳಿಸಲೆಂದು ಗಟ್ಟಿಯಾಗಿ ಓದತೊಡಗಿದಳು. ಮೇಲಿನ ವಿಳಾಸದಿಂದಲೇ ಶುರುಮಾಡಿದಳು. ಸುತ್ತಲಿನವರು ತಿರುಗಿ ನೋಡಿದರು. ಯಾರೋ ನಕ್ಕರು, ಕೆಡುಕಿನ ನಗೆಯಲ್ಲ. ನಾನು ನನ್ನದೇ ಚೀಟಿಯ ಮುಂದೆ ಕೈಕಟ್ಟಿ ನಿಂತಿದ್ದೆ. ನನ್ನ ವಿಷಯ ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ನನಗೊಬ್ಬನಿಗೆ ಮಾತ್ರ ತಿಳಿಯಲಿಲ್ಲ.

ನಾನು ಹಾಸ್ಟೆಲಿನಿಂದ ಬರೆಯುತ್ತಿದ್ದ ಕಾಗದಗಳನ್ನು ನನ್ನ ತಾಯಿ ಅಂಚೆಯವನಿಂದ ಓದ಼ಿಸಿ ಕೇಳುತ್ತಿದ್ದಳು. ಜಗಲಿಯ ಮೇಲೆ ನೆರೆಹೊರೆಯವರೆಲ್ಲ ಕೂಡುತ್ತಿದ್ದರು. ಮಗನ ಕಾಗದವನ್ನು ಅವಳು ಒಮ್ಮೆಯಾದರೂ ಒಬ್ಬಳೇ ಕುಳಿತು ಕೇಳಿದವಳಲ್ಲ. ಮಗನಿಗೆ ಹೇಳಬೇಕಾದದ್ದನ್ನು ಕೂಡ ಮತ್ತೊಬ್ಬರ ಕೈಯಿಂದ ಬರೆಸಬೇಕು. ಹಾಗಾಗಿ ಅವಳ ಕಾಗದಗಳಲ್ಲಿ 'ಇಲ್ಲಿ ಎಲ್ಲರೂ ಕ್ಷೇಮ' ಎಂಬುದರ ಹೊರತು ಬೇರೇನೂ ಇರುತ್ತಿರಲಿಲ್ಲ. ಅವಳಿಗೆ ಬರೆಯಲು ವಿಷಯವಿಲ್ಲವೆಂದು ನಾನು ತಿಳಿದಿದ್ದೆ. ಬಿಸಿ ಅನ್ನ ಮುಂದೆ ಬಂದರೂ ಸ್ವಲ್ಪ ಹೊತ್ತು ಕೈ ಹಾಕಲಾಗಲಿಲ್ಲ. ಇಮೊ ಬಂದು, ಖಾರವಾಯಿತೇನೋ ಎಂಬಂತೆ ನೋಡಿ, ನೀರಿನ ಲೋಟ ತುಂಬಿಸಿ ಹೋದಳು.

ಊಟದ ತರುವಾಯ ಚೌಕದ ಪಕ್ಕದಲ್ಲಿದ್ದ ದೊಡ್ಡ ಪುಸ್ತಕದಂಗಡಿಗೆ ಹೋದೆ. ನೆಲಮಾಳಿಗೆಯಲ್ಲಿ ಊರಷ್ಟು ಅಗಲವಾಗಿ ಹರಡಿದೆ. ಜನ ಗೋಡೆಗೊರಗಿ, ನೆಲದ ಮೇಲೆ ಕುಳಿತು ಓದುತ್ತಾರೆ. ಯಾರೂ ಏಳಿ ಎನ್ನುವುದಿಲ್ಲ. ನಡುವಿನ ಮೇಜಿನ ಮೇಲೆ ಒಬ್ಬರದೇ ಪುಸ್ತಕಗಳು ರಾಶಿಯಾಗಿದ್ದವು. ಹೆಸರು ಎರಡೇ ಚೌಕ. ಟೋಪಿಯಿಟ್ಟ ಸೊನ್ನೆ ಹಕಾರ, ಮುಂದೆ ಆಕಾರ, ಕೆಳಗೆ ನಕಾರ. ಎರಡನೆಯದರಲ್ಲಿ ಕುಡುಗೋಲು, ಆಕಾರ, ತಳದಲ್ಲಿ ಸೊನ್ನೆ. ಹಾನ್, ಕಾಂಗ್. ಯಾರ ನೆರವೂ ಇಲ್ಲದೆ ನಾನು ಆ ಲಿಪಿಯಲ್ಲಿ ಓದಿದ ಮೊದಲ ಮನುಷ್ಯನಾಮ ಅದು. ಆ ವರ್ಷ, 2024ರಲ್ಲಿ, ಸಾಹಿತ್ಯದ ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ್ತಿ. ಆ ಗೌರವ ಪಡೆದ ಏಷ್ಯಾದ ಮೊದಲ ಮಹಿಳೆ. ಊರಿನ ನಡುವೆ ಹರಿಯುವ ಹಾನ್ ನದಿಯ ಹೆಸರನ್ನೂ ಕೊರಿಯನರು ಹೀಗೆಯೇ, ಇವೇ ಎರಡು ಚೌಕಗಳಲ್ಲಿ ಬರೆಯುತ್ತಾರೆ.

ಪಂಡಿತರು ತಿರಸ್ಕರಿಸಿದ ಕಾಲದಲ್ಲಿ ಈ ಲಿಪಿಯನ್ನು ಹೆಂಗಸರ ಅಕ್ಷರವೆಂದು ಹೀಗಳೆಯುತ್ತಿದ್ದರು. ಅದನ್ನು ಶತಮಾನಗಳ ಕಾಲ ಕಾಗದ ಪತ್ರಗಳಲ್ಲಿ, ಕಥೆಗಳಲ್ಲಿ ಜೀವಂತವಾಗಿ ಉಳಿಸಿದವರಲ್ಲಿ ಹೆಂಗಸರೇ ಮುಖ್ಯರು. ಸಾಮಾನ್ಯರ ಕೈಗೆ ಅಕ್ಷರ ಸಿಕ್ಕಿದರೆ ಏನಾಗುತ್ತದೆಂಬುದು ಅರಸರಿಗೂ ಬೇಗನೆ ತಿಳಿಯಿತು. ಯೊನ್‌ಸಾನ್ ಎಂಬ ಕ್ರೂರ ದೊರೆ, ತನ್ನನ್ನು ನಿಂದಿಸುವ ಬರಹಗಳನ್ನು ಜನ ಗೋಡೆಗೆ ಅಂಟಿಸಿದರೆಂದು 1504ರಲ್ಲಿ ಈ ಲಿಪಿಯನ್ನು ನಿಷೇಧಿಸಿದ. ಸರ್ಕಾರದ ಕಾಗದಗಳಿಗೆ ಅದು ಅಧಿಕೃತ ಲಿಪಿಯಾದದ್ದು 1894ರಲ್ಲಿ, ಹುಟ್ಟಿ ನಾಲ್ಕೂವರೆ ಶತಮಾನಗಳ ಮೇಲೆ. ಹಾನ್ ಕಾಂಗ್ ಅವರ ಕೃತಿಗೆ 2016ರಲ್ಲಿ ದೊರೆತ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯೇ 2025ರಲ್ಲಿ ನಮ್ಮ ಬಾನು ಮುಷ್ತಾಕರ ಕನ್ನಡ ಕಥೆಗಳಿಗೆ ಬಂದಾಗ, ನನ್ನ ಕಣ್ಣ ಮುಂದೆ ಆ ಮೇಜು ಮತ್ತೆ ಬಂದು ನಿಂತಿತು.

ಪುಸ್ತಕದಂಗಡಿಯಿಂದ ತೆಂಕಣ ದಿಕ್ಕಿಗೆ ನಡೆದೇ ಹೊರಟೆ. ದಾರಿಯಲ್ಲಿ ಚೊಂಗ್‌ಗ್ಯೆಚೊನ್ ಎಂಬ ತೊರೆಯ ತಲೆಯಿದೆ. ಹಿಂದೆ ಅದನ್ನು ಕಾಂಕ್ರೀಟಿನಿಂದ ಮುಚ್ಚಿ, ಮೇಲೊಂದು ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿಯನ್ನು ಕೆಡವಿ, 2005ರಲ್ಲಿ ತೊರೆಯನ್ನು ಮತ್ತೆ ತೆರೆದರು. ಈಗ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪಿನಲ್ಲಿ ತಂದದ್ದಾದರೂ ಕಚೇರಿಯ ಜನ ಮೆಟ್ಟಿಲಿಳಿದು ಬಂದು ದಡದಲ್ಲಿ ಕುಳಿತುಕೊಳ್ಳುತ್ತಾರೆ. ನಾನೂ ಕುಳಿತು ಕಾಲಿನ ದಣಿವಾರಿಸಿಕೊಂಡೆ. ಬಳಿಕ ಅಂಗಡಿ ಫಲಕಗಳನ್ನು ಮಗುವಿನಂತೆ ಕೂಡಿಸಿ ಓದುತ್ತ, ಅರ್ಧಕ್ಕರ್ಧ ತಪ್ಪು ಓದುತ್ತ, ಸಿಯೋಲ್ ರೈಲುನಿಲ್ದಾಣ ಸೇರಿದೆ.

ಅಲ್ಲಿ ಹೊಸ ನಿಲ್ದಾಣದ ಮಗ್ಗುಲಿಗೆ ಇಟ್ಟಿಗೆಯ ಹಳೆಯ ನಿಲ್ದಾಣವಿದೆ, 1925ರದು, ಹಸಿರು ಗುಮ್ಮಟದ ಕಟ್ಟಡ. ನಾನು ಆ ಸಂಜೆ ಅಲ್ಲಿಗೆ ಹೋದದ್ದು ಒಂದು ನಿಘಂಟಿನ ಸಲುವಾಗಿ. ಜಪಾನ್ 1910ರಲ್ಲಿ ಕೊರಿಯಾವನ್ನು ನುಂಗಿತು. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಭಾಷೆ ಐಚ್ಛಿಕವಾಯಿತು. ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಜನ ಹೆಸರುಗಳನ್ನೂ ಜಪಾನೀ ರೀತಿಗೆ ಬದಲಿಸಿಕೊಳ್ಳುವಂತೆ 1940ರಿಂದ ಒತ್ತಾಯ ನಡೆಯಿತು. ಇಂಥ ಕಾಲದಲ್ಲಿ ಕೊರಿಯನ್ ಭಾಷಾ ಸಂಘದ ವಿದ್ವಾಂಸರು ತಮ್ಮ ನುಡಿಗೊಂದು ದೊಡ್ಡ ನಿಘಂಟನ್ನು ಸಿದ್ಧಪಡಿಸುತ್ತಿದ್ದರು. 1929ರಲ್ಲಿ ತೊಡಗಿದ ಕೆಲಸ. 1942ರ ಅಕ್ಟೋಬರಿನಲ್ಲಿ ಅವರನ್ನು ಬಂಧಿಸಲಾಯಿತು. ಹಸ್ತಪ್ರತಿಯನ್ನು ಸಾಕ್ಷ್ಯವೆಂದು ಕಿತ್ತುಕೊಂಡರು. ಇ ಯುನ್‌ಜೆ ಮತ್ತು ಹಾನ್ ಜಿಂಗ್ ಎಂಬ ಇಬ್ಬರು ವಿದ್ವಾಂಸರು ಸೆರೆಮನೆಯಲ್ಲೇ ತೀರಿಕೊಂಡರು. ಪದಗಳನ್ನು ಕೂಡಿಟ್ಟದ್ದು ಅವರ ಅಪರಾಧ.

1945ರ ಆಗಸ್ಟಿನಲ್ಲಿ ಬಿಡುಗಡೆಯಾದಾಗ ಉಳಿದವರು ಮೊದಲು ಹುಡುಕಿದ್ದು ಹಸ್ತಪ್ರತಿಯನ್ನು. ಸೆಪ್ಟೆಂಬರ್ 8ರಂದು ಸಿಯೋಲ್ ನಿಲ್ದಾಣದ ಒಂದು ಉಗ್ರಾಣದಲ್ಲಿ, ಸಾಮಾನುಗಳ ನಡುವೆ, ಅದು ಸಿಕ್ಕಿತು. ಮೊಕದ್ದಮೆಯ ಕಾಗದಗಳೊಂದಿಗೆ ಅದನ್ನು ರೈಲಿನಲ್ಲಿ ರಾಜಧಾನಿಗೆ ಕಳುಹಿಸಿದ್ದರು. ಮೊದಲ ಸಂಪುಟ 1947ರ ಲಿಪಿಯ ಹಬ್ಬದ ದಿನ ಹೊರಬಂದಿತು. ನಡುವೆ ಮೂರು ವರ್ಷ ಯುದ್ಧ ನಡೆದರೂ ಬಿಡದೆ 1957ರಲ್ಲಿ ಆರನೆಯದನ್ನು ಮುಗಿಸಿದರು. ನಮ್ಮಲ್ಲಿ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ದುಡಿದವರ ಶ್ರಮವನ್ನು ಬಲ್ಲ ನನಗೆ, ಚೀಟಿಗಳು ಕಳೆದುಹೋಗುವುದೆಂದರೇನೆಂದು ಊಹಿಸಲು ಕಷ್ಟವಾಗಲಿಲ್ಲ. ಹಳೆಯ ಕಟ್ಟಡದ ಮುಂದೆ ಕತ್ತಲಾಗುವವರೆಗೂ ನಿಂತಿದ್ದೆ. ಪ್ರಯಾಣಿಕರು ಪೆಟ್ಟಿಗೆ ಎಳೆಯುತ್ತ ಹಾದುಹೋಗುತ್ತಿದ್ದರು.

ಮನೆಗೆ ಹೋಗುವ ರೈಲು ಹತ್ತುವ ಮುನ್ನ ಜೇಬಿನಿಂದ ಚೀಟಿ ತೆಗೆದೆ. ಬೆಳಗ್ಗೆ ಅದು ಬರಿಯ ಗೀರುಗಳಾಗಿತ್ತು. ಈಗ ವಿಳಾಸದ ನಡುವೆ ಎರಡು ಚೌಕಗಳು ಗುರುತು ಹತ್ತಿದವು. ಮೌನವಾದ ಸೊನ್ನೆ, ಪಕ್ಕದಲ್ಲಿ ನೆಟ್ಟಗಿನ ಗೆರೆ: ಇ. ಚುಂಗ್‌ಮುರೊದಲ್ಲಿ ಕಲಿತ ಚಕಾರ, ಒಕಾರ, ಕೆಳಗೆ ನಕಾರ: ಚೋನ್. ಇಚೋನ್. ಮಗಳ ಮನೆ. ಜಾಣನಿಗೆ ಒಂದು ಬೆಳಗು, ಮಂದನಿಗೆ ಹತ್ತು ದಿನ. ನನಗೆ ಒಂದು ಹಗಲು ಹಿಡಿಯಿತು. ಭಾಷೆ ಬಂತೆಂದಲ್ಲ. ಓದಿದ್ದರಲ್ಲಿ ನೂರಕ್ಕೆ ತೊಂಬತ್ತರ ಅರ್ಥ ನನಗೆ ತಿಳಿಯದು. ಆದರೆ ಫಲಕವನ್ನು ನೋಡಿದರೆ ಏನೋ ಬರುತ್ತಿತ್ತು.

ಮನೆಯಲ್ಲಿ ಮಗಳು, "ಊಟಕ್ಕೆ ತೊಂದರೆಯಾಯಿತೇನಪ್ಪಾ?" ಎಂದು ಕೇಳಿದಳು. ಇಲ್ಲವೆಂದೆ. ಉಳಿದದ್ದನ್ನು ಅವಳಿಗೆ ಹೇಳಲಾಗಲಿಲ್ಲ. ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಅಕ್ಷರ ಪ್ರಸಾರಕ್ಕಾಗಿ ದುಡಿದವರಿಗೆ ಯುನೆಸ್ಕೊ ಕೊಡುವ ಒಂದು ಪ್ರಶಸ್ತಿ 1989ರಿಂದ ಸೆಜೊಂಗನ ಹೆಸರಿನಲ್ಲಿದೆ. ಕಣ್ಣು ಮಂಜಾಗುತ್ತಿದ್ದ ಅರಸನೊಬ್ಬ, ತಾನು ಎಂದೂ ಕಾಣದ ರೈತರಿಗಾಗಿ, ಅವರ ಹೆಂಡಿರಿಗಾಗಿ ಇಪ್ಪತ್ತೆಂಟು ಅಕ್ಷರಗಳನ್ನು ಹೊಸದಾಗಿ ಮಾಡಿದ. ನನಗೆ ಹೊಸದಾಗಿ ಮಾಡುವ ಕಷ್ಟವಿರಲಿಲ್ಲ. ಅಕ್ಷರಮಾಲೆ ಸಿದ್ಧವಾಗಿತ್ತು, ಕಲಿಸುವ ವಿದ್ಯೆಯೂ ಕೈಯಲ್ಲಿತ್ತು. ಮೂವತ್ತೈದು ವರ್ಷ ಸಾವಿರಾರು ಮಂದಿಗೆ ಪಾಠ ಹೇಳಿದೆ. ನನ್ನ ತಾಯಿ ಅದರಲ್ಲಿ ಹತ್ತೊಂಬತ್ತು ವರ್ಷ ನನ್ನ ಮನೆಯಲ್ಲೇ ಇದ್ದಳು. ಸಂಜೆ ನಾನು ಓದುತ್ತ ಕುಳಿತರೆ ದೀಪದ ಬಳಿ ಬಂದು, ಪುಸ್ತಕವನ್ನು ಒಮ್ಮೆ ನೋಡಿ, ಸದ್ದಿಲ್ಲದೆ ಒಳಗೆ ಹೋಗುತ್ತಿದ್ದಳು. ಬಾ ಅಮ್ಮ, ಕೂತುಕೋ ಎಂದು ನಾನು ಒಂದು ಸಂಜೆಯೂ ಕರೆಯಲಿಲ್ಲ. ಅವಳ ಹೆಬ್ಬೆಟ್ಟಿನ ಗುರುತಿರುವ ಜಮೀನಿನ ಕಾಗದವೊಂದು ನನ್ನ ಬಳಿ ಇದೆ. ಮಗಳು ಬರೆದುಕೊಟ್ಟ ಚೀಟಿಯನ್ನು ಅದರೊಳಗೆ ಮಡಿಸಿ ಇಟ್ಟಿದ್ದೇನೆ.

ಈ ಮಾತುಗಳನ್ನು ಕೇಳುತ್ತಿರುವವರ ಮನೆಗಳಲ್ಲಿಯೂ ಓದು ಬಾರದ ಹಿರಿಯರೊಬ್ಬರು ಇದ್ದಾರು. ರೇಡಿಯೋದ ಮಾತು ಅವರಿಗೆ ಕೇಳಿಸುತ್ತದೆ. ಬೋರ್ಡಿನ ಮಾತು ಕೇಳಿಸದು. ಇಂದು ಸಂಜೆ ಒಂದು ಸ್ಲೇಟು ಹಿಡಿದು ಅವರ ಪಕ್ಕದಲ್ಲಿ ಕುಳಿತರೆ ತಡವಾಯಿತೆಂದೇನೂ ಅಲ್ಲ.



(ಆಕಾಶವಾಣಿಯ ಕೃಪೆಯಿಂದ)